ಒಂದು ಯಂತ್ರದ ತಪ್ಪು, ಮನೆಮಂದಿಗೆಲ್ಲ ಶಿಕ್ಷೆ

ಕೆರೆ ಒಂದು, ಅದರ ತೂಬಿನ ಕೆಳಗೆ ಗದ್ದೆಗಳು ಹಲವು. ದೊಡ್ಡಬಳ್ಳಾಪುರ ತಾಲೂಕಿನ ಸಾಸಲು ಹೋಬಳಿಯೂ ಸೇರಿದಂತೆ ಹಳೆಯ ಮೈಸೂರಿನ ಬಯಲುಸೀಮೆಯ ಊರುಗಳಿಗೆ ಈ ಲೆಕ್ಕ ಹೊಸದೇನಲ್ಲ. ತೂಬು ಎತ್ತುವುದು, ಸರದಿಯ ಪ್ರಕಾರ ಗದ್ದೆಯಿಂದ ಗದ್ದೆಗೆ ನೀರು ಹಾಯಿಸುವುದು ನೀರುಗಂಟಿಯ ಕೆಲಸವಾಗಿತ್ತು. ಮೇಲಿನ ಗದ್ದೆಯವರೊಬ್ಬರು ರಾತ್ರೋರಾತ್ರಿ ಕಾಲುವೆ ಒಡೆದು ನೀರು ತಿರುಗಿಸಿಕೊಂಡರೆ, ಬೆಳಿಗ್ಗೆ ಕೊನೆಯ ಗದ್ದೆಯವನ ಕಣ್ಣಿಗೆ ಬೀಳುವುದು ಒಣಗಿದ ಕಾಲುವೆ ಮಾತ್ರ. ಕೆರೆಯಲ್ಲೇ ನೀರಿಲ್ಲವೋ, ತೂಬು ಕಟ್ಟಿಕೊಂಡಿದೆಯೋ, ನಡುವೆ ಯಾರಾದರೂ ಒಡೆದುಕೊಂಡರೋ ಎಂಬುದು ನಿಂತಲ್ಲಿಂದ ತಿಳಿಯದು. ಕಾಲುವೆಯ ಉದ್ದಕ್ಕೂ ನಡೆದೇ ನೋಡಬೇಕು.

ಮನೆಯೊಳಗಿನ ವೈ-ಫೈ ಕೈಕೊಟ್ಟಾಗಲೂ ಆಗುವುದು ಇದೇ. ಮಗಳ ಶಿಷ್ಯವೇತನದ ಅರ್ಜಿಗೆ ಅಂದೇ ಕೊನೆಯ ದಿನವಾಗಿರುತ್ತದೆ. ಮಗ್ಗದ ಮನೆಯಾದರೆ ಸೀರೆಯ ಚಿತ್ರ ವ್ಯಾಪಾರಿಗೆ ಹೋಗಬೇಕಾಗಿರುತ್ತದೆ. ಮೊಬೈಲ್‌ಗಳಲ್ಲಿ ವೈ-ಫೈ ಗುರುತು ತುಂಬಿಕೊಂಡೇ ಇದ್ದರೂ ಪುಟ ಮಾತ್ರ ತೆರೆಯುವುದಿಲ್ಲ. ಸಂಪರ್ಕ ಕೊಟ್ಟ ಕಂಪನಿಗೆ ಬೈಗುಳ, ರೌಟರ್ ಪೆಟ್ಟಿಗೆಗೆ ಎರಡು ಪೆಟ್ಟು, ಕೊನೆಗೆ ಹೊಸ ರೌಟರ್‌ಗೆ ಸಾವಿರಾರು ರೂಪಾಯಿ ಖರ್ಚು. ಆದರೆ ಎಷ್ಟೋ ಸಲ ತಪ್ಪು ಕಂಪನಿಯದೂ ಅಲ್ಲ, ರೌಟರ್‌ನದೂ ಅಲ್ಲ. ಮೂಲೆಯ ಮೇಜಿನ ಮೇಲೆ ಸದ್ದಿಲ್ಲದೆ ಕೂತ ಒಂದೇ ಕಂಪ್ಯೂಟರ್‌ನದು.

ಒಂದು ಯಂತ್ರ ಕೆಟ್ಟರೆ ಅದೊಂದೇ ಕೆಲಸ ನಿಲ್ಲಿಸಬೇಕಲ್ಲವೇ, ಉಳಿದವಕ್ಕೇಕೆ ತೊಂದರೆ? ಈ ಪ್ರಶ್ನೆಗೆ ಅರ್ಧ ಶತಮಾನದ ಚರಿತ್ರೆಯಿದೆ. ಮನೆಯಲ್ಲಿ ಇಂದು ಕಾಣುವ ತೊಂದರೆಯನ್ನು ಜಗತ್ತಿನ ಮೊದಲ ಕಂಪ್ಯೂಟರ್ ಜಾಲಗಳನ್ನು ಕಟ್ಟಿದ ಎಂಜಿನಿಯರುಗಳೂ ಎದುರಿಸಿದ್ದರು. ಅವರು ಕಂಡುಕೊಂಡ ಉಪಾಯವೇ ಇಂದಿಗೂ ಮನೆಯ ಉಪಾಯ.

ಹವಾಯಿಯಲ್ಲಿ ಹುಟ್ಟಿದ ನಿಯಮ

1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್‌ಸನ್ ಮತ್ತು ಸಂಗಡಿಗರು ಬೇರೆ ಬೇರೆ ದ್ವೀಪಗಳಲ್ಲಿದ್ದವರು ಒಂದೇ ಕಂಪ್ಯೂಟರ್ ಬಳಸುವಂತೆ ರೇಡಿಯೋ ಜಾಲವೊಂದನ್ನು ಕಟ್ಟಿದರು. ಅದರ ಹೆಸರು ಅಲೋಹಾನೆಟ್. ಪ್ರತಿ ದ್ವೀಪಕ್ಕೂ ಪ್ರತ್ಯೇಕ ತಂತಿಯೂ ಇಲ್ಲ, ಪ್ರತ್ಯೇಕ ತರಂಗಾಂತರವೂ ಇಲ್ಲ. ಮಾತಾಡಬೇಕೆನಿಸಿದ ಯಂತ್ರ ಮಾತಾಡಿಬಿಡುವುದು, ಎರಡು ಯಂತ್ರಗಳು ಏಕಕಾಲಕ್ಕೆ ಮಾತಾಡಿ ಮಾತು ಕಲಸಿಹೋದರೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಪ್ರಯತ್ನಿಸುವುದು. ಆ ‘ಸ್ವಲ್ಪ ಹೊತ್ತು’ ಎಷ್ಟೆಂಬುದನ್ನು ಪ್ರತಿ ಯಂತ್ರವೂ ಚೀಟಿ ಎತ್ತಿದಂತೆ ತಾನೇ ಆರಿಸಿಕೊಳ್ಳುತ್ತಿತ್ತು. ಇಲ್ಲವಾದರೆ ಇಬ್ಬರೂ ಒಟ್ಟಿಗೇ ಮತ್ತೆ ಬಾಯಿ ತೆರೆಯುತ್ತಿದ್ದರು.

ಉಪಾಯ ಸರಳವಾಗಿತ್ತು, ಬೆಲೆ ಮಾತ್ರ ದುಬಾರಿ. ಈ ಪದ್ಧತಿಯಲ್ಲಿ ದಾರಿಯ ಒಟ್ಟು ಶಕ್ತಿಯ ಸುಮಾರು ಶೇ 18ರಷ್ಟು ಮಾತ್ರ ನಿಜವಾದ ಕೆಲಸಕ್ಕೆ ಸಿಗುತ್ತದೆಂದು ಲೆಕ್ಕ ಹೇಳಿತು. ಉಳಿದದ್ದು ಡಿಕ್ಕಿಯಲ್ಲೂ ಮೌನದಲ್ಲೂ ವ್ಯಯ.

ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ರಾಬರ್ಟ್ ಮೆಟ್‌ಕಾಫ್ ಇದನ್ನು ಓದಿ ತಿದ್ದುಪಡಿ ತಂದರು. 1973ರ ಮೇ 22ರಂದು ಅವರು ಬರೆದ ಟಿಪ್ಪಣಿಯಲ್ಲಿ ‘ಈಥರ್‌ನೆಟ್’ ಎಂಬ ಹೆಸರು ಕಾಣಿಸಿಕೊಂಡಿತು. ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ಕಟ್ಟಿದ ಈ ಜಾಲದಲ್ಲಿ ಗಾಳಿಯ ಬದಲು ಒಂದೇ ಉದ್ದನೆಯ ಕೇಬಲ್. ನಿಯಮ ಇಷ್ಟೇ: ಮಾತಾಡುವ ಮೊದಲು ಕಿವಿಗೊಡು, ಬೇರೆಯವರು ಮಾತಾಡುತ್ತಿದ್ದರೆ ಕಾಯಿ, ಮಾತು ಡಿಕ್ಕಿಯಾದರೆ ನಿಲ್ಲಿಸಿ ಮತ್ತೆ ಪ್ರಯತ್ನಿಸು. ಪಂಚಾಯಿತಿ ಕಟ್ಟೆಯಲ್ಲಿ ಕೂತ ಹಿರಿಯರ ಮರ್ಯಾದೆಯೂ ಇದೇ ತಾನೆ!

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೇಬಲ್‌ಗೆ ಯಜಮಾನನೆಂಬುವವನಿಲ್ಲ. ಪ್ರತಿಯೊಬ್ಬರೂ ಮರ್ಯಾದೆಗೆ ಬದ್ಧರಾಗಿರುತ್ತಾರೆಂಬ ನಂಬಿಕೆಯೇ ಅದರ ಆಧಾರ. ಯಾವುದೋ ಒಂದು ಯಂತ್ರದ ಬಿಡಿಭಾಗ ಕೆಟ್ಟು ಅದು ನಿಲ್ಲಿಸದೆ ಒದರತೊಡಗಿದರೆ ಉಳಿದವರೆಲ್ಲ ಕಾಯುತ್ತಲೇ ಕೂರಬೇಕು.

ತೊಂಬತ್ತರ ದಶಕದ ಕಂಪ್ಯೂಟರ್ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿದವರಿಗೆ ಇದರ ಕಾಟ ಚೆನ್ನಾಗಿ ನೆನಪಿರುತ್ತದೆ. ಆಗ ಬಳಕೆಯಲ್ಲಿದ್ದ ತೆಳು ಕೇಬಲ್ ಈಥರ್‌ನೆಟ್‌ನಲ್ಲಿ 185 ಮೀಟರ್ ಉದ್ದದ ಒಂದೇ ಕೇಬಲ್‌ಗೆ 30 ಕಂಪ್ಯೂಟರ್‌ಗಳವರೆಗೆ ಪೋಣಿಸಬಹುದಿತ್ತು. ಒಂದು ಯಂತ್ರದ ಹಿಂದಿನ ಕೊಂಡಿ ಸಡಿಲವಾದರೆ ಇಡೀ ಸಾಲು ಸತ್ತಂತೆ. ತಂತ್ರಜ್ಞರು ಮೂವತ್ತನ್ನೂ ಒಂದೊಂದಾಗಿ ಪರೀಕ್ಷಿಸುತ್ತಿರಲಿಲ್ಲ. ಕೇಬಲ್ಲನ್ನು ನಡುವಿನಲ್ಲಿ ಬಿಡಿಸಿ, ತುದಿ ಮುಚ್ಚಿ, ಯಾವ ಅರ್ಧ ಬದುಕಿದೆ ನೋಡುತ್ತಿದ್ದರು. ಕೆಟ್ಟ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಿದ್ದರು. ಹೀಗೆ ಐದೇ ಹೆಜ್ಜೆಗಳಲ್ಲಿ ಮೂವತ್ತರಲ್ಲಿ ಒಬ್ಬ ಸಿಕ್ಕಿಬೀಳುತ್ತಿದ್ದ.

ಅಮೆರಿಕವನ್ನೇ ನಿಲ್ಲಿಸಿದ ಮೂರು ಸಂಖ್ಯೆಗಳು

ಒಂದು ಯಂತ್ರದಿಂದ ಕೆಟ್ಟದ್ದು ಒಂದು ಕೋಣೆ ಮಾತ್ರವಲ್ಲ. ಇಂದಿನ ಇಂಟರ್‌ನೆಟ್‌ನ ಹಿರಿಯಣ್ಣನಾದ ಅರ್ಪಾನೆಟ್ 1980ರ ಅಕ್ಟೋಬರ್ 27ರಂದು ಹಲವು ತಾಸು ಸ್ತಬ್ಧವಾಯಿತು. ಶತ್ರುಗಳ ಕೈವಾಡವೇನೂ ಇರಲಿಲ್ಲ.

ಅರ್ಪಾನೆಟ್‌ನ ಪ್ರತಿ ಕವಲುದಾರಿಯಲ್ಲೂ ಐಎಂಪಿ ಎಂಬ ಕಂಪ್ಯೂಟರ್ ಇರುತ್ತಿತ್ತು. ತನ್ನ ಸುತ್ತಲಿನ ದಾರಿಗಳು ಹೇಗಿವೆ ಎಂಬ ಸಮಾಚಾರವನ್ನು ಅದು ಆಗಾಗ ಎಲ್ಲರಿಗೂ ಹೇಳಿಕಳುಹಿಸುತ್ತಿತ್ತು. ಹೊಸ ಸಮಾಚಾರ ಯಾವುದು, ಹಳೆಯದು ಯಾವುದು ಎಂದು ತಿಳಿಯಲು ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ. ಆ ಸಂಖ್ಯೆ 63 ಮುಟ್ಟಿದ ಮೇಲೆ ಗಡಿಯಾರದ ಮುಳ್ಳಿನಂತೆ ಮತ್ತೆ ಸೊನ್ನೆಗೆ ಬರುತ್ತಿತ್ತು. ಅಂದು 29ನೇ ಐಎಂಪಿಯ ಯಂತ್ರಾಂಗದಲ್ಲಿ ದೋಷ ಹುಟ್ಟಿತು. ನೆರೆಯ 50ನೇ ಐಎಂಪಿ ಕಳುಹಿಸಿದ ಸಮಾಚಾರದ ಸಂಖ್ಯೆಯಲ್ಲಿ ಅಲ್ಲೊಂದು ಇಲ್ಲೊಂದು ಅಂಕಿ ಉದುರಿಹೋಯಿತು. ಪರಿಣಾಮವಾಗಿ ಒಂದೇ ಯಂತ್ರದ ಹೆಸರಿನಲ್ಲಿ 44, 40, 8 ಎಂಬ ಮೂರು ಸಂಖ್ಯೆಗಳ ಸಮಾಚಾರಗಳು ಏಕಕಾಲಕ್ಕೆ ಜಾಲದಲ್ಲಿ ಓಡಾಡತೊಡಗಿದವು.

ಗಡಿಯಾರದಲ್ಲಿ 12 ಗಂಟೆಯ ನಂತರ 4, 4ರ ನಂತರ 8, 8ರ ನಂತರ ಮತ್ತೆ 12. ಯಾವುದು ಎಲ್ಲಕ್ಕಿಂತ ಈಚಿನದು? ಸುತ್ತುತ್ತಲೇ ಇರಬೇಕು. ಐಎಂಪಿಗಳಿಗೂ ಹಾಗೇ ಆಯಿತು. ಮೂರೂ ಸಮಾಚಾರಗಳು ಒಂದಕ್ಕಿಂತ ಒಂದು ಹೊಸದಾಗಿ ಕಂಡು, ಪ್ರತಿ ಯಂತ್ರವೂ ಅವನ್ನು ನೆರೆಯವರಿಗೆ ದಾಟಿಸುತ್ತಲೇ ಹೋಯಿತು. ಬೇರೆ ಕೆಲಸಕ್ಕೆ ಯಾರಿಗೂ ಬಿಡುವಿಲ್ಲ. ಒಂದು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದರೂ ಫಲವಿರಲಿಲ್ಲ, ಅಕ್ಕಪಕ್ಕದವರು ಅದೇ ಸಮಾಚಾರವನ್ನು ಪುನಃ ಅದರ ಕಿವಿಗೆ ಹಾಕುತ್ತಿದ್ದರು. ಕೊನೆಗೆ ಎಂಜಿನಿಯರುಗಳು ಎಲ್ಲ ಐಎಂಪಿಗಳಿಗೂ ಒಂದೇ ಆಜ್ಞೆ ಕೊಟ್ಟರು: 50ನೇ ಯಂತ್ರದ ಹೆಸರಿನಲ್ಲಿ ಏನು ಬಂದರೂ ಕಿವಿಗೆ ಹಾಕಿಕೊಳ್ಳಬೇಡಿ. ಜಾಲ ಚೇತರಿಸಿಕೊಂಡಿತು.

ಈ ಘಟನೆಯ ವರದಿಯನ್ನು ಎರಿಕ್ ರೋಸೆನ್ 1981ರಲ್ಲಿ ಬರೆದರು. ಅದು ಕಲಿಸುವ ಪಾಠ ಎರಡು. ಮೊದಲನೆಯದು, ದೋಷ ಹುಟ್ಟಿದ ಜಾಗ ಬೇರೆ, ನೋವು ಕಾಣಿಸಿಕೊಳ್ಳುವ ಜಾಗ ಬೇರೆ. ಎರಡನೆಯದು, ದೋಷಕ್ಕೆ ಕಾರಣ ಪೂರ್ತಿ ತಿಳಿಯುವ ಮೊದಲೇ ಅದನ್ನು ಉಳಿದವರಿಂದ ಬೇರ್ಪಡಿಸಲು ಸಾಧ್ಯ.

ಗಾಳಿಗೆ ಮರಳಿದ ಜಾಲ, ಕರ್ನಾಟಕಕ್ಕೆ ಬಂದ ಬಗೆ

ನಮ್ಮ ನಾಡು ಕಂಪ್ಯೂಟರ್ ಜಾಲಕ್ಕೆ ಕೈ ಹಚ್ಚಿದ್ದು 1986ರಲ್ಲಿ. ಅಂದು ಆರಂಭವಾದ ಅರ್ನೆಟ್ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಅಷ್ಟರಲ್ಲಿ ತಂತಿಜಾಲದ ಚಿತ್ರ ಬದಲಾಗುತ್ತಿತ್ತು. ಎಲ್ಲರಿಗೂ ಒಂದೇ ಕೇಬಲ್ ಎಂಬ ಪದ್ಧತಿ ಹೋಗಿ ಪ್ರತಿ ಕಂಪ್ಯೂಟರ್‌ಗೂ ಪ್ರತ್ಯೇಕ ತಂತಿ, ನಡುವೆ ಸ್ವಿಚ್ ಎಂಬ ಪೆಟ್ಟಿಗೆ ಬಂತು. ಕೊಂಡಿ ಸಡಿಲವಾದ ಯಂತ್ರ ತಾನೊಂದೇ ನರಳಿತೇ ಹೊರತು ಸಾಲನ್ನು ಕೆಡಿಸಲಿಲ್ಲ. ಪ್ರತಿ ಗದ್ದೆಗೂ ಬೇರೆ ಕೊಳಾಯಿ ಹಾಕಿಸಿದಂತಾಯಿತು.

ಆದರೆ 1997ರಲ್ಲಿ ನಿಸ್ತಂತು ಜಾಲದ ಮಾನದಂಡ ಬಂದಾಗ ಎಲ್ಲರೂ ಮತ್ತೆ ಹವಾಯಿಯ ಗಾಳಿಗೇ ಮರಳಿದರು. 1999ರಲ್ಲಿ ಅದಕ್ಕೆ ‘ವೈ-ಫೈ’ ಎಂಬ ವ್ಯಾಪಾರಿ ಹೆಸರು ಬಿತ್ತು. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಾಂತರದ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿ ಬೇಡವೆಂಬ ನಿಯಮ 2005ರ ಜನವರಿಯಲ್ಲಿ ಹೊರಬಿತ್ತು. 2014ರ ಜನವರಿಯಲ್ಲಿ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯಲ್ಲಿ ‘ನಮ್ಮ ವೈ-ಫೈ’ ಹೆಸರಿನ ಉಚಿತ ಸಾರ್ವಜನಿಕ ಸೇವೆ ಆರಂಭವಾಯಿತು. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಪಾಠ, ಕಚೇರಿ, ವ್ಯವಹಾರಗಳೆಲ್ಲ ಮನೆಯ ಸಂಪರ್ಕದ ಮೇಲೆ ಬಿದ್ದವು. ಒಂದು ಮನೆ, ಒಂದು ಗಾಳಿ, ಯಂತ್ರಗಳು ಏಳೆಂಟು.

ನಿಧಾನಿಯ ಜತೆಗೆ ಎಲ್ಲರೂ ನಿಧಾನ

ವೈ-ಫೈನಲ್ಲಿ ಒಂದು ಕಂಪ್ಯೂಟರ್ ಉಳಿದವನ್ನು ಕೆಡಿಸುವ ಬಗೆಗಳು ಹಲವು. ಅವುಗಳಲ್ಲಿ ವಿಚಿತ್ರವಾದದ್ದನ್ನು 2003ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಮಾರ್ಟಿನ್ ಹ್ಯೂಸ್ ಮತ್ತು ಸಂಗಡಿಗರು ವಿವರಿಸಿದರು. ರೌಟರ್‌ನಿಂದ ದೂರವಿರುವ ಅಥವಾ ಹಳೆಯದಾದ ಯಂತ್ರ ನಿಧಾನವಾಗಿ ಮಾತಾಡುತ್ತದೆ. ಹತ್ತಿರದ ಯಂತ್ರ ಸೆಕೆಂಡಿಗೆ 11 ಮೆಗಾಬಿಟ್ ವೇಗದಲ್ಲಿ ಆಡುವ ಮಾತನ್ನು ದೂರದ್ದು 1 ಮೆಗಾಬಿಟ್ ವೇಗದಲ್ಲಿ ಆಡುತ್ತದೆ ಎಂದುಕೊಳ್ಳೋಣ. ವೈ-ಫೈ ನಿಯಮ ಇಬ್ಬರಿಗೂ ಸಮಾನ ಸರದಿ ಕೊಡುತ್ತದೆ. ಆದರೆ ಸರದಿ ಸಮಾನವಾದರೂ ಹೊತ್ತು ಸಮಾನವಲ್ಲ, ಒಂದೇ ಮಾತಿಗೆ ನಿಧಾನಿಗೆ ಸರಿಸುಮಾರು ಹನ್ನೊಂದು ಪಟ್ಟು ಸಮಯ ಬೇಕು. ಅದು ಮುಗಿಯುವವರೆಗೆ ವೇಗಿಯೂ ಕಾಯಬೇಕು. ಹೀಗಾಗಿ ವೇಗದ ಯಂತ್ರಗಳ ಗತಿಯೂ ನಿಧಾನಿಯ ಮಟ್ಟಕ್ಕೇ ಇಳಿಯುತ್ತದೆ. ಇಲ್ಲಿ ಯಾವ ಯಂತ್ರವೂ ಕೆಟ್ಟಿಲ್ಲ, ಯಾರೂ ನಿಯಮ ಮುರಿದಿಲ್ಲ. ನಿಯಮವೇ ಹಾಗಿತ್ತು.

ಎರಡನೆಯ ಬಗೆ ಬೆಳಕಿಗೆ ಬಂದದ್ದು 2010ರಲ್ಲಿ, ಅಮೆರಿಕದ ಜಿಮ್ ಗೆಟ್ಟಿಸ್ ಅವರ ಮನೆಯಲ್ಲಿ. ಹಳೆಯ ಕಡತಗಳ ದೊಡ್ಡ ಹೊರೆಯನ್ನು ಅವರು ಮನೆಯ ಕಂಪ್ಯೂಟರ್‌ನಿಂದ ಹೊರಗೆ ಕಳುಹಿಸತೊಡಗಿದಾಗಲೆಲ್ಲ ಮನೆಯ ಸಂಪರ್ಕ ಮಂಕಾಗುತ್ತಿತ್ತು. ಕಾರಣ ಹುಡುಕಿದರೆ, ಕಳುಹಿಸಬೇಕಾದ ಸರಕನ್ನು ಸಾಲಾಗಿ ಇಟ್ಟುಕೊಳ್ಳುವ ಜಾಗ ಉಪಕರಣಗಳಲ್ಲಿ ಅತಿಯಾಗಿ ದೊಡ್ಡದಾಗಿತ್ತು. ಒಂದು ಯಂತ್ರ ಅದನ್ನೆಲ್ಲ ತುಂಬಿಸಿಬಿಟ್ಟರೆ ಬೇರೆಯವರ ಸಣ್ಣ ಚೀಟಿಯೂ ಆ ಉದ್ದನೆಯ ಸಾಲಿನ ಕೊನೆಯಲ್ಲಿ ನಿಲ್ಲಬೇಕು. ಹತ್ತು ಗಾಡಿ ತುಂಬ ಮೂಟೆ ತಂದವನ ಹಿಂದೆ ಒಂದು ಕಾಗದ ಹಿಡಿದವನು ನಿಂತಂತೆ. ಗೆಟ್ಟಿಸ್ ಇದನ್ನು ‘ಬಫರ್‌ಬ್ಲೋಟ್’ ಎಂದು ಕರೆದರು. ಇಂದು ಲ್ಯಾಪ್‌ಟಾಪ್ ತನ್ನಷ್ಟಕ್ಕೆ ಫೋಟೋಗಳನ್ನೂ ವಿಡಿಯೋಗಳನ್ನೂ ದೂರದ ಉಗ್ರಾಣಕ್ಕೆ ಏರಿಸುವಾಗ ಆಗುವುದೂ ಇದೇ.

ಮೂರನೆಯದು ವಿಳಾಸದ ಗೊಂದಲ. ಮನೆಯ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ಸಾಮಾನ್ಯವಾಗಿ ರೌಟರ್ ತಾನೇ ಅದನ್ನು ಹಂಚುತ್ತದೆ. 1993ರಲ್ಲಿ ಪ್ರಕಟವಾದ ಡಿಎಚ್‌ಸಿಪಿ ಎಂಬ ಪದ್ಧತಿ ಇದಕ್ಕೆಂದೇ ಹುಟ್ಟಿದ್ದು. ಆದರೆ ಯಾರೋ ಹಿಂದೊಮ್ಮೆ ಒಂದು ಕಂಪ್ಯೂಟರ್‌ಗೆ ಕೈಯಾರೆ ಬರೆದಿಟ್ಟ ವಿಳಾಸ ರೌಟರ್‌ನ ವಿಳಾಸವೇ ಆಗಿದ್ದರೆ? ಒಂದೇ ಮನೆ ನಂಬರಿನ ಎರಡು ಮನೆಗಳಿದ್ದ ಬೀದಿಯಲ್ಲಿ ಅಂಚೆಯಣ್ಣನಿಗೆ ಆಗುವ ಪಾಡೇ ಉಳಿದ ಯಂತ್ರಗಳಿಗೂ ಆಗುತ್ತದೆ. ಹೊರಗೆ ಹೋಗಬೇಕಾದ ಕಾಗದಗಳು ಆ ಕಂಪ್ಯೂಟರ್‌ನ ಬಾಗಿಲಲ್ಲೇ ಬಿದ್ದು ಕಳೆದುಹೋಗುತ್ತವೆ. ಆ ಕಂಪ್ಯೂಟರ್ ಮನೆಯಿಂದ ಹೊರಗೆ ಹೋದ ದಿನ ಎಲ್ಲವೂ ಸರಿ, ಮರಳಿದ ದಿನ ಮತ್ತೆ ಕಷ್ಟ.

ನಾಲ್ಕನೆಯದು ಕಂಪ್ಯೂಟರ್‌ಗೆ ತಗಲುವ ರೋಗ. 2003ರ ಜನವರಿ 25ರಂದು ಹರಡಿದ ‘ಸ್ಲ್ಯಾಮರ್’ ಎಂಬ ಹುಳು ಕೇವಲ 376 ಬೈಟ್ ಗಾತ್ರದ್ದು. ತಗಲಿದ ಯಂತ್ರ ಬೇರೆಯವನ್ನು ಹುಡುಕುತ್ತ ಸಾಧ್ಯವಾದಷ್ಟು ವೇಗದಲ್ಲಿ ಕಾಗದ ಎಸೆಯತೊಡಗುತ್ತಿತ್ತು. ಅಂಥ ಒಂದೇ ಯಂತ್ರ ಇಡೀ ಕಚೇರಿಯ ಸಂಪರ್ಕವನ್ನು ತುಂಬಿಸಿಬಿಡಬಲ್ಲದಾಗಿತ್ತು.

ಐದನೆಯದಕ್ಕೆ ಜಾಲದ ಸಂಬಂಧವೇ ಇಲ್ಲ. ಯುಎಸ್‌ಬಿ 3 ಕೊಂಡಿಗೆ ಸಿಕ್ಕಿಸಿದ ಹೊರ ಡಿಸ್ಕ್ ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಹೊರಸೂಸುತ್ತದೆಂದು ಇಂಟೆಲ್ ಕಂಪನಿಯೇ 2012ರಲ್ಲಿ ತಿಳಿಸಿತು. ಅಂಥ ಡಿಸ್ಕ್ ರೌಟರ್‌ನ ಪಕ್ಕದಲ್ಲಿದ್ದರೆ ದೂರದ ಯಂತ್ರಗಳ ಸಣ್ಣ ದನಿ ರೌಟರ್‌ಗೆ ಕೇಳಿಸದು.

ಕಳ್ಳನನ್ನು ಹಿಡಿಯುವ ಬಗೆ

ಬಗೆ ಐದಾದರೂ ಹುಡುಕುವ ದಾರಿ ಒಂದೇ. ಅದು ತೆಳು ಕೇಬಲ್‌ನ ಕಾಲದ ಅರ್ಧ ಅರ್ಧ ಮಾಡುವ ದಾರಿ.

ಮೊದಲು ಕೆರೆಯಲ್ಲಿ ನೀರಿದೆಯೇ ಎಂದು ನೋಡಬೇಕು. ಉಳಿದ ಯಂತ್ರಗಳನ್ನೆಲ್ಲ ಆರಿಸಿ, ಒಂದೇ ಕಂಪ್ಯೂಟರನ್ನು ರೌಟರ್‌ಗೆ ತಂತಿಯಲ್ಲಿ ಸೇರಿಸಿ ಪರೀಕ್ಷಿಸುವುದು. ಆಗಲೂ ನಿಧಾನವಾಗಿದ್ದರೆ ಹೊರಗಿನಿಂದ ಬರುವ ಸಂಪರ್ಕವನ್ನೋ ರೌಟರನ್ನೋ ಅನುಮಾನಿಸಬೇಕು, ಕಂಪನಿಗೆ ದೂರು ಕೊಡಲು ಆಧಾರವೂ ಸಿಕ್ಕಂತಾಯಿತು. ಚೆನ್ನಾಗಿದ್ದರೆ ದೋಷ ಮನೆಯೊಳಗಿದೆ. ಆಮೇಲೆ ಅರ್ಧದಷ್ಟು ಯಂತ್ರಗಳನ್ನು ಹೊತ್ತಿಸಿ ನೋಡುವುದು, ಕೆಟ್ಟರೆ ಅದರಲ್ಲಿ ಅರ್ಧ ಆರಿಸುವುದು. ಎಂಟು ಯಂತ್ರಗಳಿದ್ದರೆ ಮೂರು ಸುತ್ತಿನಲ್ಲಿ ಒಂದರ ಮೇಲೆ ಬೆರಳು ತೋರಿಸಬಹುದು. ಪರೀಕ್ಷಿಸುವ ಕಂಪ್ಯೂಟರೇ ತಪ್ಪಿತಸ್ಥನಾಗಿರಬಹುದಾದ್ದರಿಂದ ಒಮ್ಮೆ ಬೇರೊಂದರಿಂದಲೂ ನೋಡುವುದು ಒಳ್ಳೆಯದು. ತೊಂದರೆ ಬಿಟ್ಟು ಬಿಟ್ಟು ಬರುವಂಥದ್ದಾದರೆ ಪ್ರತಿ ಸುತ್ತಿನಲ್ಲೂ ಸಾಕಷ್ಟು ಹೊತ್ತು ಕಾಯಬೇಕು, ಅವಸರ ಮಾಡಿದರೆ ನಿರಪರಾಧಿಗೆ ಶಿಕ್ಷೆಯಾಗುತ್ತದೆ.

ಸಿಕ್ಕಿಬಿದ್ದ ಕಂಪ್ಯೂಟರನ್ನು ಎಸೆಯಬೇಕಾಗಿಲ್ಲ. ಕೈಯಾರೆ ಬರೆದ ವಿಳಾಸ ತೆಗೆದು ತಾನಾಗಿ ಪಡೆಯುವಂತೆ ಬಿಟ್ಟರೆ ಗೊಂದಲ ತೀರುತ್ತದೆ. ಫೋಟೋ ಏರಿಸುವ ಕೆಲಸಕ್ಕೆ ವೇಗದ ಮಿತಿ ಹಾಕಬಹುದು ಅಥವಾ ರಾತ್ರಿಗೆ ಮುಂದೂಡಬಹುದು. ದೂರದ ನಿಧಾನಿಯನ್ನು ರೌಟರ್ ಹತ್ತಿರಕ್ಕೆ ತರಬಹುದು ಅಥವಾ ತಂತಿಗೆ ಸೇರಿಸಬಹುದು. ಡಿಸ್ಕನ್ನು ದೂರವಿಡಬಹುದು. ಇವುಗಳಲ್ಲಿ ಯಾವುದಕ್ಕೂ ಹೊಸ ರೌಟರ್ ಕೊಳ್ಳಬೇಕಾಗಿಲ್ಲ.

ಹೊಸ ಎಳೆ, ಹಳೆಯ ರೋಗ

ಬೆಳಕಿನ ಎಳೆಯ ಕಾಲದಲ್ಲಿ ಇದೆಲ್ಲ ಮುಗಿದ ಕಥೆ ಎಂದು ಯಾರಾದರೂ ಭಾವಿಸಬಹುದು. ಹಾಗಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಅದರಲ್ಲಿ ವ್ಯಾಪಕವಾಗಿ ಬಳಸಿದ ಜಿಪಾನ್ ತಂತ್ರದಲ್ಲಿ ಒಂದೇ ಎಳೆ ಕವಲೊಡೆದು ಹಲವು ಕಡೆ ಹೋಗುತ್ತದೆ. ಕೇಂದ್ರದ ಕಡೆಗೆ ಬೆಳಕು ಕಳುಹಿಸುವಾಗ ಪ್ರತಿ ತುದಿಯ ಪೆಟ್ಟಿಗೆಯೂ ತನಗೆ ಕೊಟ್ಟ ಗಳಿಗೆಯಲ್ಲಿ ಮಾತ್ರ ಮಿನುಗಬೇಕು. ಒಂದು ಪೆಟ್ಟಿಗೆ ಕೆಟ್ಟು ಸದಾ ಉರಿಯುತ್ತ ನಿಂತರೆ ಆ ಕವಲಿನ ಎಲ್ಲರ ಮಾತೂ ಅದರ ಬೆಳಕಿನಲ್ಲಿ ಮುಳುಗುತ್ತದೆ. ತಂತ್ರಜ್ಞರು ಇದನ್ನು ‘ಪುಂಡ ಪೆಟ್ಟಿಗೆ’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ಅದನ್ನು ಹಿಡಿಯುವುದೂ ಒಂದೊಂದನ್ನಾಗಿ ಆರಿಸಿ ನೋಡಿಯೇ. ಆದರೆ ಇದು ಮನೆಯವರ ಕೈಗೆಟುಕುವ ಕೆಲಸವಲ್ಲ, ಕೇಂದ್ರದಲ್ಲಿ ಕೂತವರದು. ಅಂಥ ಸಂದರ್ಭದಲ್ಲಿ, ಮನೆಯೊಳಗಿನದನ್ನೆಲ್ಲ ಪರೀಕ್ಷಿಸಿ ಮುಗಿಸಿದ ಗ್ರಾಹಕನ ದೂರಿಗೆ ತೂಕವಿರುತ್ತದೆ.

ಎಂಜಿನಿಯರುಗಳು ಈಚೆಗೆ ತಪ್ಪಿತಸ್ಥನನ್ನು ಹುಡುಕುವುದಷ್ಟೇ ಅಲ್ಲ, ಒಬ್ಬನ ತಪ್ಪು ಎಲ್ಲರಿಗೂ ತಟ್ಟದಂತೆ ನಿಯಮವನ್ನೇ ತಿದ್ದುತ್ತಿದ್ದಾರೆ. ಉದ್ದನೆಯ ಸಾಲಿನ ಸಮಸ್ಯೆಗೆ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಪರಿಹಾರ ಸೂಚಿಸಿದರು. 2017ರಲ್ಲಿ ಸ್ವೀಡನ್ನಿನ ಟೋಕ್ ಹೋಯ್ಲಾಂಡ್ ಯೋರ್ಗೆನ್ಸನ್ ಮತ್ತು ಸಂಗಡಿಗರು ವೈ-ಫೈನಲ್ಲಿ ಸರದಿಯ ಬದಲು ಹೊತ್ತನ್ನೇ ಸಮನಾಗಿ ಹಂಚುವ ವಿಧಾನವನ್ನು ಲಿನಕ್ಸ್‌ನಲ್ಲಿ ಮಾಡಿ ತೋರಿಸಿದರು. ನಿಧಾನಿ ತನ್ನ ಪಾಲಿನ ಹೊತ್ತು ಮುಗಿದ ಮೇಲೆ ಕಾಯಬೇಕು, ವೇಗಿಯ ಪಾಲು ವೇಗಿಗೆ. ಇಂಥ ಏರ್ಪಾಡು ಎಲ್ಲ ರೌಟರ್‌ಗಳಲ್ಲೂ ಇಲ್ಲ. ಕೊಳ್ಳಲೇಬೇಕಾಗಿ ಬಂದರೆ ಗ್ರಾಹಕರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಆಂಟೆನಾ ಎಷ್ಟು ಎಂಬುದಲ್ಲ, ಹಂಚಿಕೆ ಹೇಗೆ ಎಂಬುದು.

ಹಂಚಿಕೊಂಡು ಬಳಸುವ ಯಾವುದಕ್ಕೇ ಆಗಲಿ, ಎಲ್ಲರೂ ಮರ್ಯಾದೆಯಿಂದ ನಡೆದುಕೊಳ್ಳುತ್ತಾರೆಂಬ ನಂಬಿಕೆಯೊಂದೇ ಸಾಲದು, ಹಂಚುವವನಿಗೆ ಕಣ್ಣೂ ಇರಬೇಕು, ಅಧಿಕಾರವೂ ಇರಬೇಕು. ನೀರುಗಂಟಿಯನ್ನು ನೇಮಿಸಿದ ಊರುಗಳಿಗೆ ಇದು ಎಂದೋ ಗೊತ್ತಿತ್ತು. ಕಂಪ್ಯೂಟರ್ ಜಾಲಗಳಿಗೆ ಇದು ಅರಿವಾಗಲು ಹವಾಯಿಯಿಂದ ಈಚೆಗೆ ಐವತ್ತು ವರ್ಷ ಹಿಡಿಯಿತು. ಅಂಥ ರೌಟರ್ ಮನೆಗೆ ಬರುವ ತನಕ ಆ ಕೆಲಸ ಮನೆಯವರಲ್ಲೇ ಒಬ್ಬರ ಪಾಲಿಗೆ ಬೀಳುತ್ತದೆ. ಅವರಿಗೆ ಬೇಕಾದದ್ದು ತಾಂತ್ರಿಕ ಪದವಿಯಲ್ಲ, ಒಂದೊಂದಾಗಿ ಆರಿಸಿ ನೋಡುವ ತಾಳ್ಮೆ.